ದನ ಮಾರಿಸಿಕೊಡುವ ಅಂಗಡಿ: ಫೋಟೋ ಅವರು ತೆಗೆಯಲಿ, ಒಕ್ಕಣೆ ನೀವೇ ಕೊಡಿ

ನಮ್ಮ ಪೇಟೆಯ ಒಂದು ಮೊಬೈಲ್ ಅಂಗಡಿಯವರು ರೀಚಾರ್ಜ್, ಝೆರಾಕ್ಸ್ ಜೊತೆಗೆ ಈಗ ದನ, ಆಡು, ಕೋಣಗಳ ಮಾರಾಟದ ಜಾಹೀರಾತನ್ನೂ ಹಾಕಿಕೊಡುತ್ತಾರೆ. ಹಟ್ಟಿಗೇ ಬಂದು ಫೋಟೋ ಮತ್ತು ಸಣ್ಣ ವೀಡಿಯೋ ತೆಗೆಯುತ್ತಾರೆ. ಕನ್ನಡದಲ್ಲೂ ಮಲಯಾಳದಲ್ಲೂ ಬರೆದು, ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ನೀಲೇಶ್ವರದವರೆಗಿನ ವಾಟ್ಸಾಪ್ ಗುಂಪುಗಳಿಗೆ ಬಿಡುತ್ತಾರೆ. ಎಲ್ಲ ಸೇರಿ 250 ರೂಪಾಯಿ. ದನ ಹೋಗದಿದ್ದರೆ ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಹಾಕುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ಬ್ರೋಕರ್ ಕಮಿಷನ್ ಕೊಟ್ಟವರಿಗೆ ಇದು ಏನೂ ಅಲ್ಲ.

ನಾನು ನೀರ್ಚಾಲು ಕಡೆಯವಳು. ಅಡಿಕೆ ತೋಟದ ಜೊತೆ ನಾಲ್ಕೈದು ದನ ಕಟ್ಟಿಕೊಂಡು ಸೊಸೈಟಿಗೆ ಹಾಲು ಹಾಕುತ್ತೇನೆ. ಅಂಗಡಿಯ ಹುಡುಗರು ಒಳ್ಳೆಯವರು, ಹಾಗಾಗಿ ಅಂಗಡಿಯ ಹೆಸರು ಬೇಡ. ಅದರ ಗುಣ, ದೋಷ ಎರಡನ್ನೂ ಹೇಳುತ್ತೇನೆ.

ಫೋಟೋ ವಿಷಯದಲ್ಲಿ ಚಕಾರ ಎತ್ತುವ ಹಾಗಿಲ್ಲ. ದನವನ್ನು ಹಟ್ಟಿಯ ಕತ್ತಲೆಯಿಂದ ಅಂಗಳಕ್ಕೆ ತರಿಸುತ್ತಾರೆ. ಮೇಲಿನಿಂದ ತೆಗೆದರೆ ದನ ಗಿಡ್ಡ ಕಾಣುತ್ತದೆ ಅಂತ ಮೊಣಕಾಲೂರಿ ಕೂರುತ್ತಾರೆ. ಬದಿಯಿಂದ ಒಂದು, ಹಿಂದಿನಿಂದ ಒಂದು, ಕೆಚ್ಚಲಿನದ್ದು ಒಂದು. ವೀಡಿಯೋದಲ್ಲಿ ನಡೆಸಿ ತೋರಿಸುತ್ತಾರೆ, ಕುಂಟು ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ತೊಂದರೆ ಇರುವುದು ಬರಹದಲ್ಲಿ. ಇವರ ಹತ್ತಿರ ಒಂದು ಫಾರಂ ಇದೆ. ಮೊದಲು ಮಲಯಾಳದಲ್ಲಿ ಮಾಡಿದ್ದನ್ನು ಹಾಗೇ ಕನ್ನಡ ಅಕ್ಷರಕ್ಕೆ ತಿರುಗಿಸಿದ್ದು. ಶುರುವಿಗೇ "ಪಶು" ಅಂತ ಇದೆ. ಮಲಯಾಳದಲ್ಲಿ ಪಶು ಅಂದರೆ ಹೆಣ್ಣು ದನ ಮಾತ್ರ. ನಮಗೆ ಪಶು ಅಂದರೆ ಪಶು ಆಸ್ಪತ್ರೆಗೆ ಹೋಗುವ ಎಲ್ಲವೂ! ಅದರ ಮುಂದೆ "ತಿಂಗಳು", "ಲೀಟರ್", "ರೇಟ್". ಅಷ್ಟೇ.

ನಾನು ಮಾರಲು ಕೊಟ್ಟದ್ದು ಐದು ತಿಂಗಳು ಗಬ್ಬವಾಗಿದ್ದ ಒಂದು ಜರ್ಸಿ ಕಡಸು. ಫಾರಂ ತುಂಬಿಸಿದ ಹುಡುಗ ಬರೆದದ್ದು: "5 ತಿಂಗಳ ಪಶು, ಜರ್ಸಿ." ಬೆಳಗ್ಗಿನಿಂದ ಫೋನೋ ಫೋನು. ಒಬ್ಬರು ಕರುವಿನ ರೇಟು ಕೇಳಿದರು. ಇನ್ನೊಬ್ಬರು ಕರು ಹಾಕಿ ಐದು ತಿಂಗಳಾದ ದನ ಅಂತ ತಿಳಿದು, ಈಗ ಎಷ್ಟು ಲೀಟರ್ ಇದೆ ಅಂದರು. ಇದುವರೆಗೆ ಒಂದು ಕರುವನ್ನೂ ಹಾಕದ ಕಡಸು ಹಾಲು ಕೊಡುವುದು ಎಲ್ಲಿಂದ? ಕಾಞಂಗಾಡ್ ಕಡೆಯವರೊಬ್ಬರು ಪಿಕಪ್ ಗಾಡಿ ಮಾಡಿಕೊಂಡೇ ಬಂದರು. ಅವರಿಗೆ ಬೇಕಾಗಿದ್ದದ್ದು ಕರೆಯುವ ದನ. ಅಂಗಳದಲ್ಲಿ ಚಾ ಕುಡಿದು, ಗಾಡಿ ಬಾಡಿಗೆ ದಂಡವಾಯಿತು ಅಂತ ಗೊಣಗಿಕೊಂಡು ಹೋದರು. ನಾನು ಅವರ ಜಾಗದಲ್ಲಿದ್ದರೂ ಗೊಣಗುತ್ತಿದ್ದೆ.

ಅಂಗಡಿಗೆ ಫೋನ್ ಮಾಡಿದೆ. "ಅಕ್ಕಾ, ಕಡಸು ಅಂದರೆ ಈಗಿನವರಿಗೆ ಗೊತ್ತಾಗುವುದಿಲ್ಲ" ಅಂದ ಹುಡುಗ. ದನ ಕೊಳ್ಳುವವರಿಗೆ ಗೊತ್ತಾಗದೆ ಇರುತ್ತದಾ? ಮಲಯಾಳದಲ್ಲಿ "ಕಿಡಾರಿ, ಅಂಜು ಮಾಸಂ ಚೆನ" ಅಂತ ಹಾಕು, ಕನ್ನಡದಲ್ಲಿ "ಕಡಸು, ಐದು ತಿಂಗಳು ಗಬ್ಬ" ಅಂತ ಹಾಕು ಅಂದೆ. ತಕರಾರಿಲ್ಲದೆ ಬದಲಾಯಿಸಿದ. ಆಮೇಲೆ ಬಂದ ಫೋನುಗಳು ಕಡಿಮೆ, ಆದರೆ ಎಲ್ಲವೂ ಲೆಕ್ಕ ಗೊತ್ತಿದ್ದವರದ್ದು. ದನದ ಗಬ್ಬ ಸುಮಾರು 280 ದಿನ. ಐದು ತಿಂಗಳು ಅಂದರೆ ಇನ್ನು ನಾಲ್ಕು ತಿಂಗಳಲ್ಲಿ ಹಾಲು ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಬ್ಬಕ್ಕೆ ಯಾವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದ್ದು, ಗಬ್ಬ ನಿಂತಿದೆಯಾ ಅಂತ ಡಾಕ್ಟರು ಕೈ ಹಾಕಿ ನೋಡಿದ್ದಾರಾ ಅಂತ ಮಾತ್ರ ಕೇಳಿದರು. ನಾನು ಹೇಳಿದ್ದಕ್ಕಿಂತ ಎರಡು ಸಾವಿರ ಇಳಿಸಿ ಕುಂಬಳೆ ಕಡೆಯವರಿಗೆ ಕೊಟ್ಟೆ.

ನೆರೆಮನೆಯವರದ್ದು ಇದಕ್ಕಿಂತ ಬೇಸರದ ಕತೆ. ಅವರ ದನ ಕರು ಹಾಕಲು ಎರಡು ತಿಂಗಳಿತ್ತು, ಹಾಲು ಬತ್ತಿಸಿದ್ದರು. ಅದು ಮಾಡಲೇಬೇಕಾದ ಕೆಲಸ. ಕೊನೆಯ ಎರಡು ತಿಂಗಳು ಕೆಚ್ಚಲಿಗೆ ವಿಶ್ರಾಂತಿ ಕೊಡದಿದ್ದರೆ ಮುಂದಿನ ಸಲ ಹಾಲು ಕಡಿಮೆಯಾಗುತ್ತದೆ. ಫಾರಂನಲ್ಲಿ ಲೀಟರ್ ಕಾಲಂ ಖಾಲಿ ಬಿಡುವ ಹಾಗಿಲ್ಲ ಅಂತ ಹುಡುಗ "0" ಹಾಕಿದ, ಕೆಳಗೆ "ಗೊಡ್ಡು" ಅಂತ ಸೇರಿಸಿದ. ಗೊಡ್ಡು ಅಂದರೆ ಎಷ್ಟು ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲದ ದನ. ಅಂಥದ್ದನ್ನು ಯಾರು ಕೇಳಿಕೊಂಡು ಬರುತ್ತಾರೆ ಅಂತ ಗೊತ್ತಲ್ಲ? ಸಂಜೆಯವರೆಗೆ ಮಾಂಸದ ವ್ಯಾಪಾರದವರದ್ದೇ ಫೋನು. ಹೊಟ್ಟೆ ತುಂಬ ಕರು ಇರುವ ದನಕ್ಕೆ ಅವರು ಕಿಲೋ ಲೆಕ್ಕದಲ್ಲಿ ರೇಟು ಹೇಳುವಾಗ ಆ ಮನೆಯ ಅಜ್ಜಿ ಫೋನ್ ಸ್ವಿಚ್ ಆಫ್ ಮಾಡಿಸಿದರು.

ಪ್ರಾಯ ಬರೆಯುವುದೂ ಅಷ್ಟಕ್ಕಷ್ಟೆ. ವರ್ಷ ಬರೆದರೆ ಯಾರೂ ನಂಬುವುದಿಲ್ಲ, ಹಲ್ಲು ಬರೆಯಬೇಕು. ಕೆಳದವಡೆಯ ಎಂಟು ಹಾಲುಹಲ್ಲು ಜೋಡಿ ಜೋಡಿಯಾಗಿ ಉದುರಿ ದೊಡ್ಡ ಹಲ್ಲು ಬರುತ್ತದೆ. ಎರಡು ವರ್ಷದ ಹೊತ್ತಿಗೆ ಎರಡು ಹಲ್ಲು. ನಾಲ್ಕು, ಐದು ವರ್ಷದ ಹೊತ್ತಿಗೆ ಎಂಟೂ ಬಂದು ಬಾಯಿ ಕೂಡುತ್ತದೆ. ಆಮೇಲೆ ಸವೆತ ನೋಡಿಯೇ ಹೇಳಬೇಕು. ಅದರ ಜೊತೆ ಎಷ್ಟನೇ ಕರು ಅಂತ ಇರಬೇಕು (ಘಟ್ಟದ ಮೇಲಿನವರು ಎಷ್ಟನೇ ಸೂಲು ಅನ್ನುತ್ತಾರೆ). ಚೊಚ್ಚಲು ದನದ ರೇಟೇ ಬೇರೆ, ಆರನೇ ಕರುವಿನದ್ದೇ ಬೇರೆ. ಲೀಟರ್ ಹೇಳುವಾಗ ಹೊತ್ತಿಗೋ ದಿನಕ್ಕೋ ಅನ್ನುವುದೂ ಬೇಕು. ಇವರ ಜಾಹೀರಾತಿನಲ್ಲಿ "10 ಲೀಟರ್" ಅಂತ ಮಾತ್ರ ಇರುತ್ತದೆ. ಕೊಳ್ಳುವವನು ಹೊತ್ತಿಗೆ ಅಂತ ತಿಳಿಯುತ್ತಾನೆ, ಮಾರುವವನು ಬೆಳಗ್ಗೆ ಆರು, ಸಂಜೆ ನಾಲ್ಕು ಅಂತ ಹೇಳಿರುತ್ತಾನೆ. ಜಗಳಕ್ಕೆ ಇನ್ನೇನು ಬೇಕು?

ತಳಿಯ ಹೆಸರು ಹಾಕುವುದರಲ್ಲಿ ಮಾತ್ರ ಸುಮ್ನೆ ಉದಾಸೀನ ಅಂತ ಬಿಡುವ ಹಾಗಿಲ್ಲ. ಸಣ್ಣಗೆ ಕಪ್ಪಗೆ ಇದ್ದದ್ದಕ್ಕೆಲ್ಲ "ಕಾಸರಗೋಡು ಗಿಡ್ಡ" ಅಂತ ಹಾಕಿಬಿಡುತ್ತಾರೆ. ಈಗ ಊರ ದನದ ಹಾಲಿಗೆ ಬೇಡಿಕೆ ಜಾಸ್ತಿ, ಅಲ್ವಾ? ದಿನಕ್ಕೆ ಏಳು ಲೀಟರ್ ಕೊಡುವ ಗಿಡ್ಡ ಅಂತ ಒಂದು ಜಾಹೀರಾತು ನೋಡಿದೆ. ನಮ್ಮ ಗಿಡ್ಡ ಕೊಡುವುದು ಒಂದೆರಡು ಲೀಟರ್. ಬದಿಯಡ್ಕದ ಹತ್ತಿರ ಬೇಳದಲ್ಲಿ ಈ ತಳಿಗೆಂದೇ ಸರಕಾರಿ ಫಾರ್ಮ್ ಇದೆ, ಒಮ್ಮೆ ಹೋಗಿ ನೋಡಿ ಬಂದರೆ ಹುಡುಗರಿಗೆ ಗುರುತು ಸಿಗುತ್ತದೆ. ಹಾಗೆಯೇ ಬಣ್ಣದ ಕ್ರಾಸ್ ದನಕ್ಕೆಲ್ಲ "ಸುನಂದಿನಿ" ಅನ್ನುತ್ತಾರೆ. ಸುನಂದಿನಿ ಇಡುಕ್ಕಿಯ ಮಾಟ್ಟುಪ್ಪೆಟ್ಟಿಯಲ್ಲಿ 1963ರಲ್ಲಿ ಶುರುವಾದ ಇಂಡೋ-ಸ್ವಿಸ್ ಯೋಜನೆಯಲ್ಲಿ ಬ್ರೌನ್ ಸ್ವಿಸ್ ಹೋರಿಗಳನ್ನು ಊರ ದನಕ್ಕೆ ಕೂಡಿಸಿ ಬೆಳೆಸಿದ ತಳಿ. ಗೊತ್ತಿಲ್ಲದಿದ್ದರೆ "ಕ್ರಾಸ್" ಅಂದರೆ ಸಾಕು, ಮರ್ಯಾದೆಯೇನೂ ಹೋಗುವುದಿಲ್ಲ.

ಎಮ್ಮೆ, ಕೋಣದ್ದು ಇನ್ನೊಂದು ಗೊಂದಲ. "ಮುರ್ರಾ ಎಮ್ಮೆ ಕರು" ಅಂತ ಹಾಕಿದ್ದನ್ನು ನೋಡಿ ಹೋದವರಿಗೆ ಸಿಕ್ಕಿದ್ದು ಗಂಡು. ಕೇರಳದಲ್ಲಿ ಮುರ್ರಾ ಗಂಡುಕರು ತಂದು ಬೆಳೆಸಿ ಮಾಂಸಕ್ಕೆ ಕೊಡುವವರು ಬೇಕಾದಷ್ಟು ಇದ್ದಾರೆ. ಮಲಯಾಳದಲ್ಲಿ "ಪೋತ್ತ್" (ಕೋಣ) ಅಂತ ಹಾಕಿದರೆ ಅವರೇ ಬರುತ್ತಾರೆ. ಹಾಲಿಗೆ ಎಮ್ಮೆ ಹುಡುಕುವವನನ್ನು ಯಾಕೆ ಓಡಾಡಿಸಬೇಕು?

ಈಗ ನಾನು ಫಾರಂ ಮುಟ್ಟುವುದೇ ಇಲ್ಲ. ಚೀಟಿ ಬರೆದು ಕೊಡುತ್ತೇನೆ, ಹಾಗೇ ಹಾಕುತ್ತಾರೆ. ಹೋದ ತಿಂಗಳಿನದ್ದು ಹೀಗಿತ್ತು (ಎಚ್‌ಎಫ್ ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ತಳಿ): "ಎಚ್‌ಎಫ್ ಕ್ರಾಸ್ ದನ. ಎರಡನೇ ಕರು, ಹೆಣ್ಣು, 20 ದಿನ. ಆರು ಹಲ್ಲು. ಬೆಳಗ್ಗೆ 7, ಸಂಜೆ 5 ಲೀಟರ್. ಮೆಷಿನ್ ಆಗುತ್ತದೆ, ಕೈಯಲ್ಲೂ ಕರೆಯಬಹುದು. ನಾಲ್ಕೂ ಮೊಲೆ ಸರಿ ಇದೆ. ಹೊಸಬರನ್ನು ಕಂಡರೆ ಎರಡು ದಿನ ಒದೆಯುತ್ತದೆ. ಕಿವಿಯೋಲೆ ಇದೆ." ಒದೆಯುವುದನ್ನು ಯಾಕೆ ಹಾಕಿದ್ದು ಅಂತ ಮನೆಯವರು ಕೇಳಿದರು. ಅದನ್ನು ಓದಿಯೂ ಬರುವವನು ಗಟ್ಟಿ ಗಿರಾಕಿ. ಕಿವಿಯೋಲೆ ಅಂದರೆ ದನದ ಕಿವಿಗೆ ಹಾಕುವ ನಂಬರಿನ ಬಿಲ್ಲೆ. ಅದರ 12 ಅಂಕೆಯ ನಂಬರು ಇದ್ದರೆ ಪಶು ಆಸ್ಪತ್ರೆಯಲ್ಲಿ ಬರೆಸಿದ ಚುಚ್ಚುಮದ್ದು, ಇಂಜೆಕ್ಷನ್ ಲೆಕ್ಕವೆಲ್ಲ ಸಿಗುತ್ತದೆ. ನಂಬರನ್ನು ಗುಂಪಿಗೆ ಹಾಕಬೇಡಿ, ಬಂದವರಿಗೆ ತೋರಿಸಿ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಫಾರಂ ಸರಿ ಮಾಡಿದರೆ ನಾಲ್ಕೂವರೆ. ಆಡಿಗೆ ಮಾತ್ರ ಇಲ್ಲಿ 250 ಕೊಡುವುದು ದಂಡ. ಬಕ್ರೀದಿಗೆ ಮುಂಚೆ ಹೋತ ಕೇಳಿಕೊಂಡು ಮನೆ ಬಾಗಿಲಿಗೇ ಜನ ಬರುತ್ತಾರೆ. ವರ್ಷ ತುಂಬಿದೆಯಾ, ಎರಡು ಹಲ್ಲು ಬಂದಿದೆಯಾ ಅಂತ ಅವರೇ ಬಾಯಿ ಬಿಡಿಸಿ ನೋಡುತ್ತಾರೆ.

ದನದ ಫೋಟೋಕ್ಕೆ ಕರೆಸುವುದಾದರೆ ಸಂಜೆ ಹಾಲು ಕರೆಯುವ ಹೊತ್ತಿಗೆ ಕರೆಸಿ. ಕರೆಯುವ ಮೊದಲು ಒಂದು, ಕರೆದ ಮೇಲೆ ಒಂದು ಕೆಚ್ಚಲಿನ ಫೋಟೋ ತೆಗೆಸಿ. ಒಳ್ಳೆಯ ಕೆಚ್ಚಲು ಕರೆದ ಮೇಲೆ ಮೆತ್ತಗೆ ಜೋತುಬೀಳುತ್ತದೆ, ಮಾಂಸದ ಕೆಚ್ಚಲು ಇದ್ದ ಹಾಗೇ ಇರುತ್ತದೆ. ಅಷ್ಟು ಹೊತ್ತು ಕಾಯುವುದಕ್ಕೆ ಹುಡುಗರು ಜಾಸ್ತಿ ದುಡ್ಡು ಕೇಳುವುದಿಲ್ಲ, ಒಂದು ಚಾ ಕೊಟ್ಟರಾಯಿತು.