ಸ್ಟೋರಿವೀವರ್: ಕಥೆ ಪುಕ್ಕಟೆ, ಪ್ರಶ್ನೆ ಮಾತ್ರ ನಾವೇ ಮಾಡಿಕೊಳ್ಳಬೇಕು

ಬಾಗಲಕೋಟೆ ಕಡೆಯ ಕನ್ನಡ ಸಾಲಿಗಳಲ್ಲಿ ಮೂರನೇ, ನಾಲ್ಕನೇ ತರಗತಿ ನಡೆಸುವವರು ದಿನಾ ನೋಡುವ ದೃಶ್ಯ ಇದು. ಹುಡುಗ ಪಾಠ ಗಡಗಡ ಓದುತ್ತಾನೆ. ಪುಸ್ತಕ ಮುಚ್ಚಿಸಿ "ಏನ್ ಓದಿದೆಪಾ, ಹೇಳು" ಅಂದರೆ ಅಕ್ಕೋರ ಮಾರಿ ನೋಡುತ್ತಾನೆ. ಪಠ್ಯಪುಸ್ತಕದ ಪಾಠ ಅಷ್ಟೊತ್ತಿಗೆ ಬಾಯಿಪಾಠ ಆಗಿರುತ್ತದೆ, ಅದರಿಂದ ತಿಳಿವಳಿಕೆ ಅಳೆಯಲು ಬರುವುದಿಲ್ಲ. ಅವನು ಹಿಂದೆ ಕಾಣದ ಕಥೆಯೇ ಬೇಕು. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ, ಮಕ್ಕಳ ಕಥೆಗಳ ಸ್ಟೋರಿವೀವರ್ ಜಾಲತಾಣ ಈ ಕೆಲಸಕ್ಕೆ ಎಷ್ಟು ಒದಗುತ್ತದೆ?

ಕಥೆಗಳ ಮಟ್ಟಿಗೆ ಕೊರತೆಯಿಲ್ಲ. ಚಿತ್ರಗಳು ಚೆಂದ, ರೊಕ್ಕ ಕೊಡಬೇಕಿಲ್ಲ, ಪಿಡಿಎಫ್ ಇಳಿಸಿಕೊಂಡು ಛಾಪಿಸಬಹುದು. ಪರವಾನಗಿ ಕ್ರಿಯೇಟಿವ್ ಕಾಮನ್ಸ್ ಸಿಸಿ ಬೈ 4.0. ಅಂದರೆ ಲೇಖಕ, ಚಿತ್ರಕಾರರ ಹೆಸರು ಉಳಿಸಿ, ಬದಲಾಯಿಸಿದ್ದನ್ನು ತಿಳಿಸಿದರೆ ಪಠ್ಯವನ್ನು ತಿದ್ದಿಕೊಳ್ಳಲೂ ಅಡ್ಡಿಯಿಲ್ಲ. ಆದರೆ ಯಾರು ಬೇಕಾದರೂ ಬರೆದು, ಅನುವಾದಿಸಿ ಏರಿಸಬಹುದಾದ ಜಾಗ ಇದು. ಹೀಗಾಗಿ ಪ್ರಕಾಶಕರ ಹೆಸರು ನೋಡಿ ಇಳಿಸಿಕೊಳ್ಳಿ, ತರಗತಿಗೆ ಒಯ್ಯುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದಿ. ಒತ್ತಕ್ಷರ ತಪ್ಪಿದ್ದರೆ ಕಣ್ಣಿಗಿಂತ ನಾಲಿಗೆಗೆ ಬೇಗ ಸಿಗುತ್ತದೆ.

ಕಥೆಗೆ ಕೊಟ್ಟ ಓದಿನ ಹಂತವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಒಂದನೇ ಹಂತ 250 ಪದಗಳೊಳಗೆ, ಎರಡು 600ರವರೆಗೆ, ಮೂರು 1500ರವರೆಗೆ, ಅದರಾಚೆ ನಾಲ್ಕು. ಎಲ್ಲ ಭಾಷೆಗೂ ಇದೇ ಅಳತೆ. ಕನ್ನಡದಲ್ಲಿ "ಮನೆಯೊಳಗಿನಿಂದಲೇ" ಒಂದೇ ಪದ. ಮೂರನೇ ತರಗತಿ ಮಗುವಿಗೆ ಅದರಲ್ಲಿ ನಾಲ್ಕು ಗಂಟುಗಳಿವೆ: ಮನೆ, ಒಳಗೆ, ಇಂದ, ಏ. ಪದ ಎಣಿಸಿದರೆ ಕನ್ನಡದ ಕಥೆ ಹಗುರ ಕಾಣುತ್ತದೆ, ಓದುವಾಗ ಭಾರ. ಮೂರನೇ ತರಗತಿಗೆ ಎರಡನೇ ಹಂತದಲ್ಲಿ 300 ಪದದ ಆಸುಪಾಸಿನ ಕಥೆ ಆರಿಸಿದರೆ ಸಾಕು. ಒಂದು ಪುಟ ಓದಿಸಿ ನೋಡಿ. ಐದಕ್ಕಿಂತ ಹೆಚ್ಚು ಪದಕ್ಕೆ ಮಗು ಎಡವಿದರೆ ಆ ಕಥೆ ಇನ್ನೂ ಅದಕ್ಕಲ್ಲ, ಅಕ್ಕೋರು ಓದಿ ಹೇಳಲಿಕ್ಕೆ ಇಟ್ಟುಕೊಳ್ಳಿ.

ಝೆರಾಕ್ಸ್ ವಿಷಯ. 16 ಪುಟದ ಕಥೆಯನ್ನು ಒಂದು ಬದಿಗೆ ನಾಲ್ಕು ಪುಟದಂತೆ ಎರಡೂ ಬದಿ ತೆಗೆಸಿದರೆ ಎ4 ಹಾಳೆ ಎರಡೇ ಸಾಕು. ಗಾಢ ಬಣ್ಣದ ಚಿತ್ರದ ಮೇಲೆ ಅಕ್ಷರ ಕೂತಿದ್ದರೆ ಕಪ್ಪು-ಬಿಳುಪಿನಲ್ಲಿ ಮಸಿ ಬಳಿದಂತಾಗುತ್ತದೆ. ಮೊದಲು ಒಂದೇ ಪ್ರತಿ ತೆಗೆಸಿ ನೋಡಿ. ಬಣ್ಣದ ಮೇಲೆ ನಿಂತ ಕಥೆಯಾದರೆ ಸ್ಮಾರ್ಟ್ ಟಿವಿಯಲ್ಲೇ ತೋರಿಸಿ.

ಇನ್ನು ಪ್ರಶ್ನೆ. ಕೆಲವು ಪುಸ್ತಕಗಳ ಕೊನೆಗೆ ಚಟುವಟಿಕೆ ಇರುತ್ತದೆ, ಬಹಳಷ್ಟರಲ್ಲಿ ಕಥೆ ಮುಗಿದರೆ ಮುಗಿಯಿತು. ಮಾಸ್ತರರು ರೂಢಿಯಂತೆ "ಎಲ್ಲಿಗೆ ಹೋದನು, ಏನನ್ನು ತಂದನು" ಎಂದು ಬರೆಸಿಬಿಡುತ್ತಾರೆ. ಅರ್ಥವಿಲ್ಲದ ಪದಗಳಿಂದ ಕಟ್ಟಿದ ಈ ವಾಕ್ಯ ಓದಿ: "ಗಿಬ್ಬನು ತೊಮ್ಮೆಯಲ್ಲಿ ಲಟಕವನ್ನು ಮಿಸಿದನು." ಗಿಬ್ಬನು ಎಲ್ಲಿ ಮಿಸಿದನು? ತೊಮ್ಮೆಯಲ್ಲಿ. ಏನನ್ನು ಮಿಸಿದನು? ಲಟಕವನ್ನು. ಹತ್ತಕ್ಕೆ ಹತ್ತು ಅಂಕ, ತಿಳಿದದ್ದು ಸೊನ್ನೆ. ಕನ್ನಡದ ವಿಭಕ್ತಿ ಪ್ರತ್ಯಯವೇ ಉತ್ತರವನ್ನು ಕೈಗೆ ಕೊಡುತ್ತದೆ. ಮಗು "ಅಲ್ಲಿ" ಇರುವ ಪದ ಹುಡುಕಿ ನಕಲು ಮಾಡುತ್ತದೆ, ಅಷ್ಟೇ.

ಬದಲಿಗೆ, ಸಾಲಿನಲ್ಲಿ ನೇರವಾಗಿ ಇರದದ್ದನ್ನು ಕೇಳಬೇಕು. "ಸಂಗವ್ವ ತಂಗಿಗೆ ರೊಟ್ಟಿ ಕೊಟ್ಟಳು. ತಂಗಿ ಬಾಗಿಲ ಕಡೆ ನೋಡಿದಳು. ಅರ್ಧ ಮುರಿದು ಹೊರಗೆ ಎಸೆದಳು. ಬಾಲ ಆಡಿಸುತ್ತ ತಿಂದಿತು." ಎಸೆದದ್ದು ಯಾರು? ತಿಂದದ್ದು ಏನಿರಬಹುದು? ಯಾವ ಪದದಿಂದ ಗೊತ್ತಾಯಿತು? ಕನ್ನಡದಲ್ಲಿ ಕರ್ತೃಪದ ಬಿಟ್ಟು ಬರೆಯುವುದು ಸಾಮಾನ್ಯ. ಮಕ್ಕಳು ದಾರಿ ತಪ್ಪುವುದು ಬಹುಪಾಲು ಅಲ್ಲೇ. ಕ್ರಿಯಾಪದದ ಬಾಲ, ಅಂದರೆ "ದಳು, ದನು, ದಿತು", ಹಿಡಿದು ಹಿಂದಕ್ಕೆ ಹೋಗುವುದನ್ನು ಕಲಿಸಬೇಕು. "ಅಜ್ಜ ಬಂದರು" ಎಂಬ ಸಾಲೂ ತೊಡಕಿನದೇ. ಮನೆಯಲ್ಲಿ "ಅಜ್ಜ ಬಂದಾನ" ಎನ್ನುವ ಮಗು ಅಜ್ಜನ ಜೊತೆ ಇನ್ಯಾರೋ ಬಂದರೆಂದು ತಿಳಿಯುತ್ತದೆ.

40 ನಿಮಿಷದ ಒಂದು ಪಿರಿಯಡ್ಡಿಗೆ ಹೀಗೆ ಹಂಚಿಕೊಳ್ಳಬಹುದು. ಮೊದಲ 5 ನಿಮಿಷ ಬರೀ ಚಿತ್ರ ತೋರಿಸಿ, ಮುಂದೇನಾದೀತು ಎಂದು ಕೇಳಿ. ಹೊಸ ಪದ ಮೂರೇ ಹೇಳಿಕೊಡಿ, ಹತ್ತು ಬರೆಸಿದರೆ ಕಥೆ ಸತ್ತಂತೆ. "ಕಡಲು" ಬಂದರೆ ಆಲಮಟ್ಟಿ ಹಿನ್ನೀರು ನೆನಪಿಸಿ, ಆಚೆ ದಂಡೆಯೇ ಕಾಣದಷ್ಟು ದೊಡ್ಡದು ಅನ್ನಿ. ಮುಂದಿನ 10 ನಿಮಿಷ ನೀವು ಓದಿ, ಎರಡು ಕಡೆ ಮಾತ್ರ ನಿಲ್ಲಿಸಿ. ಪುಟಪುಟಕ್ಕೂ ಪ್ರಶ್ನೆ ಹಾಕಿದರೆ ಎಳೆ ಹರಿಯುತ್ತದೆ. ಆಮೇಲೆ ಇಬ್ಬಿಬ್ಬರು ಕೂಡಿ 10 ನಿಮಿಷ ಓದಲಿ. ಉಳಿದ 15 ನಿಮಿಷ ಹಾಳೆ ಮಗುಚಿಟ್ಟು ಕಥೆ ಹೇಳುವುದಕ್ಕೆ, ಕೊನೆಗೆ ಒಂದೇ ಒಂದು ವಾಕ್ಯ ಬರೆಯುವುದಕ್ಕೆ.

ಮಗು ಕಥೆ ಹೇಳುವಾಗ "ನಾಯಿ ಓಡಾಕತ್ತಿತ್ತು, ಆಮ್ಯಾಲ ಬಿತ್ತು" ಅಂದರೆ ಹಾಗೇ ಬಿಡಿ. "ಓಡುತ್ತಿತ್ತು ಅನ್ನವ್ವ" ಎಂದು ನಡುವೆ ತಿದ್ದಿದರೆ ಮಗು ಬಾಯಿ ಮುಚ್ಚುತ್ತದೆ, ಅದಕ್ಕೆ ಏನು ತಿಳಿದಿತ್ತು ಎಂಬುದು ನಿಮಗೆ ಗೊತ್ತಾಗುವುದೇ ಇಲ್ಲ. ಪುಸ್ತಕದ ಸಾಲನ್ನು ತನ್ನ ಮನೆಮಾತಿಗೆ ತಿರುಗಿಸಿದೆ ಎಂದರೆ ಅರ್ಥ ಹತ್ತಿದೆ ಎಂದೇ ಲೆಕ್ಕ. ತಿದ್ದುವುದಿದ್ದರೆ ಬರೆದ ವಾಕ್ಯದಲ್ಲಿ ತಿದ್ದಿ.

ಬೆಳಗಾವಿಯ ಖಾನಾಪುರ, ನಿಪ್ಪಾಣಿ ಕಡೆಯ ಮರಾಠಿ ಮನೆಮಾತಿನ ಮಕ್ಕಳಿಗೆ ಈ ತಾಣದಿಂದ ಇನ್ನೊಂದು ಅನುಕೂಲವಿದೆ: ಎಷ್ಟೋ ಕಥೆಗಳು ಮರಾಠಿ, ಕನ್ನಡ ಎರಡರಲ್ಲೂ ಸಿಗುತ್ತವೆ. ಎರಡನ್ನೂ ಅಕ್ಕಪಕ್ಕ ಛಾಪಿಸಿ ಕೊಟ್ಟರೆ ಮಗು ಸುಲಭದ್ದನ್ನಷ್ಟೇ ಓದಿ ಮುಗಿಸುತ್ತದೆ. ಸೋಮವಾರ ಮರಾಠಿಯಲ್ಲಿ ಕೇಳಿಸಿ, ಮಂಗಳವಾರ ಕನ್ನಡದ ಹಾಳೆ ಮಾತ್ರ ಕೈಗೆ ಕೊಡಿ.