ದೆಹಲಿ ನಂಬರ್ ಕಾರು ಅಗ್ಗ ಅಂತ ಹೋಗುವ ಮುಂಚೆ

ಹೋದ ವರ್ಷ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ ಎಂಟು ವರ್ಷ ಹಳೆಯ ಡೀಸೆಲ್ ಕಾರು ತೆಗೆದುಕೊಂಡೆ. ದೆಹಲಿಯ ಡಿಎಲ್ ನಂಬರ್. 5 ಲಕ್ಷ 10 ಸಾವಿರ. ಅದೇ ಮಾಡೆಲ್, ಅದೇ ವರ್ಷದ ಗಾಡಿಗೆ ನಮ್ಮ ತುಮಕೂರಿನಲ್ಲೇ ಒಬ್ಬ ಮೇಷ್ಟ್ರು 6 ಲಕ್ಷ 40 ಸಾವಿರ ಹೇಳಿದ್ದರು. ಜಾಸ್ತಿ ಆಯಿತು ಅಂತ ಬಿಟ್ಟು ಬಂದಿದ್ದೆ.

ಇಷ್ಟು ಅಗ್ಗ ಯಾಕೆ ಅಂತ ಆಗಲೇ ಕೇಳಿಕೊಳ್ಳಬೇಕಿತ್ತು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವ ಹಾಗಿಲ್ಲ ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಲ್ಲಿಂದೀಚೆಗೆ ಎಂಟೊಂಬತ್ತು ವರ್ಷದ ಡೀಸೆಲ್ ಕಾರುಗಳು ಅಲ್ಲಿ ಸಿಕ್ಕಿದ ರೇಟಿಗೆ ಮಾರಾಟವಾಗಿ ಇತ್ತ ಬರತೊಡಗಿದವು. ಕಾರು ಕೆಟ್ಟದ್ದು ಅಂತಲ್ಲ. ನನ್ನ ಗಾಡಿಯ ಇಂಜಿನ್ ಇವತ್ತಿಗೂ ಗಟ್ಟಿಯಾಗಿದೆ. ನಾನು ಬಿದ್ದದ್ದು ಕಾಗದಪತ್ರದಲ್ಲಿ.

‘ಎನ್‌ಒಸಿ ಒಂದು ವಾರದಲ್ಲಿ ಬರುತ್ತೆ ಸರ್, ಟ್ಯಾಕ್ಸ್ ಏನಿದ್ರೂ ಹತ್ತಿಪ್ಪತ್ತು ಸಾವಿರ’ ಅಂದಿದ್ದ ಡೀಲರ್. ಎನ್‌ಒಸಿ ಅಂದರೆ ಗಾಡಿಯನ್ನು ಬೇರೆ ರಾಜ್ಯಕ್ಕೆ ಬದಲಾಯಿಸಲು ಹಳೆಯ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ. ನಂಬಿ ಪೂರ್ತಿ ದುಡ್ಡು ಕೊಟ್ಟುಬಿಟ್ಟೆ. ಎರಡು ತಿಂಗಳಾದರೂ ಎನ್‌ಒಸಿ ಬರಲಿಲ್ಲ. ಆಮೇಲೆ ನನ್ನ ಬಾಮೈದ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿದ. ಎರಡು ನಿಮಿಷದ ಕೆಲಸ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇದೆ! ಹಳೆಯ ಓನರ್ ಸಾಲ ತೀರಿಸಿದ್ದರು, ಎಚ್‌ಪಿ, ಅಂದರೆ ಆರ್‌ಸಿಯಲ್ಲಿನ ಸಾಲದ ನಮೂದು, ತೆಗೆಸಿರಲಿಲ್ಲ. ಚಲನ್ ಸೈಟಿನಲ್ಲಿ ನೋಡಿದರೆ ಟ್ರಾಫಿಕ್ ದಂಡ ಎಂಟೂವರೆ ಸಾವಿರ ಬಾಕಿ. ಇವೆರಡು ತೀರದೆ ಅಲ್ಲಿನ ಆರ್‌ಟಿಒ ಎನ್‌ಒಸಿ ಕೊಡುವುದಿಲ್ಲ ಅಂತ ಗೊತ್ತಾಯಿತು. ಡೀಲರ್ ಫೋನ್ ಎತ್ತುವುದನ್ನೇ ಬಿಟ್ಟ. ಚಲನ್ ನಾನೇ ಕಟ್ಟಿದೆ. ಕಂಡು ಕೇಳರಿಯದ ದೆಹಲಿಯ ಓನರ್‌ಗೆ ನನ್ನ ಹರುಕು ಹಿಂದಿಯಲ್ಲಿ ಗೋಗರೆದು ಎಚ್‌ಪಿ ತೆಗೆಸಲು ಬೇಕಾದ ಫಾರ್ಮ್ 35, ಬ್ಯಾಂಕಿನ ಪತ್ರ ಎಲ್ಲ ಮಾಡಿಸಿದೆ. ಪುಣ್ಯಕ್ಕೆ ಆತ ಒಳ್ಳೆಯ ಮನುಷ್ಯ. ಇದಕ್ಕೇ ಐದು ತಿಂಗಳು ಹೋಯಿತು. ಅಷ್ಟು ದಿನ ಗಾಡಿ, ಇನ್ಶೂರೆನ್ಸ್ ಎರಡೂ ಅವರ ಹೆಸರಲ್ಲಿ. ಎಲ್ಲಾದರೂ ಗುದ್ದಿದ್ದರೆ ಕ್ಲೇಮ್‌ನ ಗತಿ ಏನು ಅಂತ ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ.

ಆಮೇಲೆ ಬಂತು ಲೈಫ್ ಟ್ಯಾಕ್ಸ್, ಒಂದೇ ಸಲ ಕಟ್ಟುವ ರಸ್ತೆ ತೆರಿಗೆ. ನಮ್ಮ ರಾಜ್ಯದಲ್ಲಿ ಇದನ್ನು ನಾವು ಕೊಟ್ಟ ದುಡ್ಡಿನ ಮೇಲೆ ಲೆಕ್ಕ ಹಾಕುವುದಿಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ ಹಾಕುತ್ತಾರೆ. ಹತ್ತು ಲಕ್ಷ ದಾಟಿ ಇಪ್ಪತ್ತು ಲಕ್ಷದೊಳಗಿನ ಕಾರಿಗೆ ಶೇ. 17. ಗಾಡಿಯ ವಯಸ್ಸು ನೋಡಿ ಅದರಲ್ಲಿ ಇಷ್ಟು ಕಡಿಮೆ ಮಾಡುತ್ತಾರೆ, ಮೇಲೆ ಸೆಸ್. ನನಗೆ ಬಂದದ್ದು 1 ಲಕ್ಷ 17 ಸಾವಿರ. ಡಿಎಲ್ ನಂಬರಲ್ಲೇ ಓಡಿಸೋಣ ಅಂದರೆ ಅದೂ ಆಗದು, ಹನ್ನೆರಡು ತಿಂಗಳು ಮೀರಿ ಇಲ್ಲೇ ಇದ್ದರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ದೆಹಲಿಯಲ್ಲಿ ಕಟ್ಟಿದ ಟ್ಯಾಕ್ಸ್ ವಾಪಸ್ ಕೇಳಬಹುದಂತೆ, ಅರ್ಜಿ ಅಲ್ಲಿಗೇ ಹಾಕಬೇಕು. ನನಗೆ ಆ ಶಕ್ತಿ ಉಳಿದಿರಲಿಲ್ಲ.

ನೀವು ಬೇರೆ ರಾಜ್ಯದ ಗಾಡಿ ನೋಡುತ್ತಿದ್ದರೆ, ಟೋಕನ್ ಕೊಡುವ ಮುಂಚೆ ಆರ್‌ಸಿ ಮತ್ತು ಹಳೆಯ ಇನ್‌ವಾಯ್ಸ್‌ನ ಜೆರಾಕ್ಸ್ ಹಿಡಿದು ನಿಮ್ಮ ಆರ್‌ಟಿಒಗೆ ಹೋಗಿ ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಕೇಳಿ. ಎನ್‌ಒಸಿ ಕೈಗೆ ಬರುವ ತನಕ ಅರ್ಧ ದುಡ್ಡು ನಿಮ್ಮಲ್ಲೇ ಇರಲಿ. ಎನ್‌ಒಸಿಯಲ್ಲಿ ನಿಮ್ಮ ಊರಿನ ಆರ್‌ಟಿಒ ಹೆಸರೇ ಇದೆಯಾ ಅಂತಲೂ ನೋಡಿ. ಡೀಲರ್ ‘ಟೆನ್ಷನ್ ತಗೋಬೇಡಿ ಸರ್’ ಅಂದರೆ ಟೆನ್ಷನ್ ತಗೊಳ್ಳಿ.

ಕಾರಿಗೆ ಈಗ ಕೆಎ 06 ನಂಬರ್ ಬಂದಿದೆ. ಏಜೆಂಟ್, ನಂಬರ್ ಪ್ಲೇಟ್, ಓಡಾಟ ಎಲ್ಲ ಸೇರಿ 6 ಲಕ್ಷ 57 ಸಾವಿರ ಬಿತ್ತು. ಮೇಷ್ಟ್ರ ಕಾರು ನಮ್ಮ ಪಕ್ಕದ ಬೀದಿಯವರೇ ಕೊಂಡರು. ದಿನಾ ಬೆಳಿಗ್ಗೆ ನಮ್ಮ ಮನೆ ಮುಂದೆಯೇ ಹೋಗುತ್ತದೆ.