ಮೂರು ದಿನಗಳ ಕಥಾ ಕಮ್ಮಟ: ಬೇರೆ ಬಗೆಯ ಕಥೆಗಾರರ ನಡುವೆ ಕುಳಿತು ಕಲಿತದ್ದು

ಕಳೆದ ಚಳಿಗಾಲದಲ್ಲಿ ಧಾರವಾಡದಲ್ಲಿ ನಡೆದ ಮೂರು ದಿನಗಳ ಕಥಾ ಕಮ್ಮಟವೊಂದರಲ್ಲಿ ನಾನು ಭಾಗವಹಿಸಿದ್ದೆ. ಊಟ, ವಸತಿ ಸೇರಿ ಶುಲ್ಕ 3,500 ರೂಪಾಯಿ. ಅರ್ಜಿಯ ಜೊತೆಗೆ ಒಂದು ಅಪ್ರಕಟಿತ ಕಥೆಯನ್ನು ಕಳಿಸಬೇಕಿತ್ತು. ಆಯ್ಕೆಯಾದವರು 24 ಮಂದಿ. ಸಾಮಾಜಿಕ, ಪತ್ತೇದಾರಿ, ಐತಿಹಾಸಿಕ, ವೈಜ್ಞಾನಿಕ ಕಥೆಗಳನ್ನು ಬರೆಯುವವರನ್ನು ಬೇಕೆಂದೇ ಬೆರೆಸಿ ಆರಾರು ಜನರ ಗುಂಪು ಮಾಡಿದ್ದು ಈ ಕಮ್ಮಟದ ವಿಶೇಷವಾಗಿತ್ತು. ಹನ್ನೆರಡು ವರ್ಷಗಳಿಂದ ಮನೆ, ಸಂಸಾರದ ಕಥೆಗಳನ್ನಷ್ಟೇ ಬರೆದುಕೊಂಡು ಬಂದಿದ್ದ ನನಗೆ ಆ ಒಂದು ಏರ್ಪಾಡಿನಿಂದಲೇ ಕೊಟ್ಟ ಹಣ ಸಾರ್ಥಕವೆನ್ನಿಸಿತು. ಉಳಿದ ಏರ್ಪಾಡುಗಳ ಬಗ್ಗೆ ಅದೇ ಮಾತನ್ನು ಹೇಳಲಾರೆ.

ಮೊದಲ ದಿನ ಉದ್ಘಾಟನೆ, ಸನ್ಮಾನ, ಅಧ್ಯಕ್ಷರ ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಮಧ್ಯಾಹ್ನದ ಉಪನ್ಯಾಸದಲ್ಲಿ ನವೋದಯ, ಪ್ರಗತಿಶೀಲ, ನವ್ಯ, ಬಂಡಾಯ ಎಂಬ ಕನ್ನಡ ಸಾಹಿತ್ಯದ ಘಟ್ಟಗಳು ಒಂದರ ಹಿಂದೊಂದು ಬಂದವು. ಆದರೆ ಊರೂರಿನ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಒಂದು ತಲೆಮಾರಿಗೇ ಓದಿನ ರುಚಿ ಹತ್ತಿಸಿದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಪ್ರಸ್ತಾಪ ಬರಲೇ ಇಲ್ಲ. ಹಲವು ಬಗೆಯ ಕಥೆಗಾರರನ್ನು ಒಂದೆಡೆ ಸೇರಿಸಿದ ಕಮ್ಮಟದಲ್ಲಿ ಇದು ಸಣ್ಣ ಕೊರತೆಯಲ್ಲ. ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ಕಾದಂಬರಿಗಳಾಗಿ ಬರೆದ ತ.ರಾ.ಸು. ಅವರೇ ಸಾಮಾಜಿಕ ಕಾದಂಬರಿಗಳನ್ನೂ ಬರೆದರು. ತೇಜಸ್ವಿಯವರು ‘ಜುಗಾರಿ ಕ್ರಾಸ್’ನಲ್ಲಿ ರೋಚಕ ಕಥೆಯ ಚೌಕಟ್ಟನ್ನೇ ಹಿಡಿದು ಮಲೆನಾಡಿನ ಕಾಡು ಬರಿದಾಗುತ್ತಿರುವುದನ್ನು ಹೇಳಿದರು. ಇವರು ಒಂದು ಬಗೆಯಿಂದ ಇನ್ನೊಂದಕ್ಕೆ ಏನನ್ನು ಹೊತ್ತು ತಂದರು ಎಂಬುದನ್ನೇ ಒಂದು ಗಂಟೆ ಚರ್ಚಿಸಿದ್ದರೆ ಆ ಮಧ್ಯಾಹ್ನ ನಮ್ಮೆಲ್ಲರಿಗೂ ಉಪಯೋಗಕ್ಕೆ ಬರುತ್ತಿತ್ತು.

ನಿಜವಾದ ಕಮ್ಮಟ ಆರಂಭವಾದದ್ದು ಅಂದಿನ ಸಂಜೆ, ಗುಂಪುಗಳಲ್ಲಿ ಕಥೆ ಓದುವಾಗ. ನನ್ನ ಕಥೆಯಲ್ಲಿ ಮಗನ ಕಾಲೇಜು ಶುಲ್ಕಕ್ಕಾಗಿ ತಾಯಿಯೊಬ್ಬಳು ಬಳೆಗಳನ್ನು ಗಿರವಿ ಇಟ್ಟಿರುತ್ತಾಳೆ, ಆ ಸಂಗತಿ ಕೊನೆಯ ಪ್ಯಾರಾದಲ್ಲಷ್ಟೇ ಬಯಲಾಗುತ್ತದೆ. ಪತ್ತೇದಾರಿ ಕಥೆ ಬರೆಯುವ ಹುಬ್ಬಳ್ಳಿಯ ಹಿರಿಯರೊಬ್ಬರು ಇಡೀ ಹಸ್ತಪ್ರತಿಯನ್ನು ಪೆನ್ಸಿಲ್ ಹಿಡಿದು ಓದಿ, “ಮೇಡಂ, ನೀವು ಓದುಗರಿಂದ ಮುಚ್ಚಿಟ್ಟೀರಿ, ಅವರ ಕಣ್ಣ ಮುಂದ ಇಟ್ಟಿಲ್ಲ” ಎಂದರು. ಸುಳಿವನ್ನು ಮೊದಲ ಪುಟದಲ್ಲೇ ಇಡಬೇಕು, ಆದರೆ ಇನ್ನೆರಡು ಸಾಮಾನುಗಳ ನಡುವೆ ಇಡಬೇಕು. ಓದುಗ ಅದನ್ನು ನೋಡಿಯೂ ದಾಟಿ ಹೋಗಿರಬೇಕು ಎಂಬುದು ಅವರ ವಿವರಣೆ. ಅದರಂತೆ ಆರಂಭದ ದೃಶ್ಯದಲ್ಲಿ ತಾಯಿ ಎಲೆ ಅಡಿಕೆ ಡಬ್ಬಿ ತೆರೆದಾಗ ಸುಣ್ಣದ ಕಾಯಿ, ಮಡಚಿದ ಚೀಟಿ, ಅಡಕತ್ತರಿ ಮೂರೂ ಕಾಣುವಂತೆ ಒಂದೇ ಒಂದು ವಾಕ್ಯ ಸೇರಿಸಿದೆ. ಅಷ್ಟಕ್ಕೇ ಕೊನೆಯ ಪ್ಯಾರಾದ ಅರ್ಧ ಭಾಗ ಅನಗತ್ಯವಾಯಿತು. ಕಣ್ಣೀರಿನ ಎರಡು ವಾಕ್ಯಗಳನ್ನು ನಾನೇ ಹೊಡೆದುಹಾಕಿದೆ, ಅದೂ ಸಂತೋಷದಿಂದ.

ಐತಿಹಾಸಿಕ ಕಥೆ ಬರೆದ ತರುಣನಿಗೂ ಇಂಥದೇ ಅನುಭವವಾಯಿತು. ಬೇಲೂರಿನ ಗುಡಿ ಏಳುತ್ತಿರುವ ಹನ್ನೆರಡನೆಯ ಶತಮಾನದ ಆರಂಭದಲ್ಲಿ ಅವನ ಕಥೆ ನಡೆಯುತ್ತದೆ. ಅದರ ಶಿಲ್ಪಿ ರೊಟ್ಟಿಯೊಂದಿಗೆ ಹಸಿಮೆಣಸಿನಕಾಯಿ ಕಡಿಯುತ್ತಾನೆ. ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲೆ ನಮ್ಮ ನೆಲಕ್ಕೆ ಬಂದದ್ದು, ವಿಷ್ಣುವರ್ಧನನ ಕಾಲದಲ್ಲಿ ಖಾರಕ್ಕೆ ಕಾಳುಮೆಣಸೇ ಇದ್ದದ್ದು ಎಂದು ಗುಂಪಿನಲ್ಲಿದ್ದ ಶಿಕ್ಷಕಿಯೊಬ್ಬರು ನೆನಪಿಸಿದರು. ಅವರು ಅಲ್ಲಿಗೇ ನಿಲ್ಲಿಸದೆ, ‘ಐದು ನಿಮಿಷ ಕಾದ’ ಎಂಬ ಮಾತು ಆ ಶಿಲ್ಪಿಯ ಬಾಯಿಗೆ ಹೊಂದುವುದಿಲ್ಲ, ಅವನ ಹೊತ್ತು ಗಳಿಗೆ, ಜಾವಗಳಲ್ಲಿ ಸಾಗುತ್ತದೆ, ಒಂದು ಗಳಿಗೆಯೆಂದರೆ ನಮ್ಮ 24 ನಿಮಿಷ ಎಂದೂ ತೋರಿಸಿಕೊಟ್ಟರು. ಹಳಗನ್ನಡದ ಶಬ್ದಗಳನ್ನು ಪೋಣಿಸಿದ ಮಾತ್ರಕ್ಕೆ ಕಾಲ ಕಥೆಯೊಳಗೆ ಬರುವುದಿಲ್ಲ, ಪಾತ್ರ ಏನು ತಿನ್ನುತ್ತದೆ, ಹೊತ್ತನ್ನು ಹೇಗೆ ಅಳೆಯುತ್ತದೆ ಎಂಬುದರಿಂದ ಬರುತ್ತದೆ ಎಂದು ನನಗೆ ಮನವರಿಕೆಯಾದದ್ದು ಆ ಅರ್ಧ ಗಂಟೆಯಲ್ಲಿ.

ನನ್ನಿಂದಲೂ ಒಬ್ಬರಿಗೆ ಪ್ರಯೋಜನವಾಯಿತೆಂಬ ಸಂತೋಷವಿದೆ. ವೈಜ್ಞಾನಿಕ ಕಥೆ ಬರೆದ ಎಂಜಿನಿಯರ್ ಒಬ್ಬರು ಮಂಗಳ ಗ್ರಹದಲ್ಲಿರುವ ಗಂಡನೂ ಭೂಮಿಯಲ್ಲಿರುವ ಹೆಂಡತಿಯೂ ಎದುರುಬದುರು ಕುಳಿತವರಂತೆ ಜಗಳವಾಡುವ ದೃಶ್ಯ ಬರೆದಿದ್ದರು. ಬೆಳಕು ಆ ದೂರವನ್ನು ದಾಟಲು, ಎರಡೂ ಗ್ರಹಗಳು ಎಲ್ಲಿವೆ ಎಂಬುದನ್ನು ಅವಲಂಬಿಸಿ, ಸುಮಾರು 3ರಿಂದ 22 ನಿಮಿಷ ಬೇಕೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು; ಸಂಭಾಷಣೆ ಕೆಡುತ್ತದೆಂದು ಅದನ್ನು ಬಿಟ್ಟಿದ್ದರು. ಆ ವಿಳಂಬವನ್ನೇ ಕಥೆಯಾಗಿಸಿ, ಒಂದು ಕಟುಮಾತು ಹೊರಟ ಮೇಲೆ ಉತ್ತರ ಬರುವವರೆಗೆ ಆಕೆ ಅಡುಗೆಮನೆಯಲ್ಲಿ ಏನು ಮಾಡುತ್ತಾಳೆಂದು ಬರೆಯಿರಿ ಎಂದೆ. ಮರುದಿನ ಅವರು ಓದಿದ ದೃಶ್ಯದಲ್ಲಿ, ಮಾತು ಹಿಂತೆಗೆದುಕೊಳ್ಳಲು ಆಕೆ ಕಳಿಸಿದ ಎರಡನೆಯ ಸಂದೇಶ ಮೊದಲನೆಯದರ ಹಿಂದೆಯೇ, ಅದನ್ನು ಎಂದೂ ಹಿಡಿಯಲಾರದಂತೆ ಸಾಗುತ್ತಿತ್ತು. ಮೂರು ದಿನಗಳಲ್ಲಿ ನಾನು ಕೇಳಿದ ಅತ್ಯುತ್ತಮ ಪುಟ ಅದು.

ಕೊರತೆಗಳೂ ಇದ್ದವು. ಹಲವರು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ (ಫಾಂಟ್) ಕಳಿಸಿದ ಕಥೆಗಳು ಇತರರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡು, ಮುದ್ರಿಸಿ ಹಂಚುವುದಕ್ಕೇ ಒಂದು ಬೆಳಗು ಹೋಯಿತು. ಯಾವ ಕಂಪ್ಯೂಟರಿನಲ್ಲೂ ಸರಿಯಾಗಿ ಓದಬಹುದಾದ ಯೂನಿಕೋಡಿನಲ್ಲಿ ಕಳಿಸಿರೆಂದು ಮೊದಲೇ ತಿಳಿಸಬಹುದಿತ್ತು. ಒಬ್ಬ ಮಾರ್ಗದರ್ಶಕರು ಶಿಬಿರಾರ್ಥಿಯ ಕಥೆಗೆ ತಾವೇ ಮುಕ್ತಾಯ ಹೇಳಿಬಿಟ್ಟರು, ಬರೆದ ಹುಡುಗಿ ಆಮೇಲೆ ಮಾತಾಡಲಿಲ್ಲ. ಅದು ನನಗೆ ಇಂದಿಗೂ ನೋವಿನ ಸಂಗತಿ. ಊಟ, ವಸತಿಗಳ ಬಗ್ಗೆ ದೂರಿಲ್ಲ.

ಒಂದೇ ಬಗೆಯ ಕಥೆಯನ್ನು ಬಹುಕಾಲ ಬರೆದು ಕೈ ಪಳಗಿದವರು ಈ ಕಮ್ಮಟಕ್ಕೆ ಅವಶ್ಯವಾಗಿ ಹೋಗಬೇಕು. ಮೊದಲ ಕಥೆಯನ್ನು ಇನ್ನೂ ಮುಗಿಸದವರು ಒಂದು ವರ್ಷ ತಡೆಯುವುದು ಮೇಲು, ಏಕೆಂದರೆ ಇಲ್ಲಿ ತಿದ್ದುವುದನ್ನು ಕಲಿಯಬಹುದೇ ಹೊರತು ಆರಂಭಿಸುವುದನ್ನಲ್ಲ. ಉದ್ಘಾಟನೆಯನ್ನು ಅರ್ಧ ಗಂಟೆಗೆ ಇಳಿಸಿ, ಎರಡನೆಯ ದಿನದ ಮಧ್ಯಾಹ್ನವನ್ನು ಪೂರ್ತಿಯಾಗಿ ತಿದ್ದುಪಡಿಗೆ ಬಿಡಬೇಕೆಂದು ಅಭಿಪ್ರಾಯ ಪತ್ರದಲ್ಲಿ ಬರೆದುಕೊಟ್ಟು ಬಂದಿದ್ದೇನೆ. ಮುಂದಿನ ಸಲದ ಅರ್ಜಿಗಾಗಿ ನಾನೊಂದು ಪತ್ತೇದಾರಿ ಕಥೆ ಬರೆಯುತ್ತಿದ್ದೇನೆ.